ಬೆನ್ನ ಹಿಂದಿನ ಲಾಟೀನು

ಜೂನ್ 4

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ನನಗೆ ಮದುವೆಯೂ ನಿಶ್ಚಯವಾಗಿಲ್ಲ. ಫೋನ್ ಮಾಡೋಣ ಅಂದುಕೊಂಡೆ. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ, ನಾಲ್ಕನೆಯದಕ್ಕೆ ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೇ. ಹರಿಯುವ ಮುಂಚೆ ಪೂರ್ತಿ ಓದಿಬಿಡು.

ನಿನ್ನ ರಿಪೇರಿ ಅಂಗಡಿ ಬಿಟ್ಟು ಬಂದ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಕೆಳಗೆ ಬಿದ್ದ ಸ್ಕ್ರೂ ಹುಡುಕೋಕೆ ಬರಲ್ಲ, ಇವನು ಬಸ್ಸು ಓಡಿಸ್ತಾನಂತೆ!" ಓಡಿಸುತ್ತಿದ್ದೇನೆ ನೋಡು. ಬಾಟಲಿ ಕಾರ್ಖಾನೆಯ ಬಸ್ಸು. ಬೆಳಿಗ್ಗೆ ಕೆಲಸದವರನ್ನು ತುಂಬಿಕೊಂಡು ಹೋಗುವುದು, ಸಂಜೆ ಅವರವರ ಮನೆಯ ಹತ್ತಿರ ಇಳಿಸುವುದು. ಹೆಚ್ಚಿನವರು ಹೆಂಗಸರು. ನಾನು ಜೋರಾಗಿ ಬ್ರೇಕ್ ಹಾಕಿದರೆ ಮೊದಲು ಊಟದ ಡಬ್ಬಿಗಳು ಬೈಯುತ್ತವೆ, ಆಮೇಲೆ ಅವರು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಜೋಡಿಸಿಕೊಟ್ಟ ಕಂಪ್ಯೂಟರಿಗೆ ಹೊಸ ಆಟವೊಂದನ್ನು ಹಾಕಿಕೊಂಡಿದ್ದೇನೆ. ಹಿಮದ ಕಾಡು, ಅದರ ನಡುವೆ ಒಂದು ಲಾರಿ. ಅಲ್ಲಲ್ಲಿ ಇಳಿದು ಸೌದೆ ಆರಿಸಬೇಕು, ಬಿಡಾರ ಕಟ್ಟಬೇಕು, ಲಾಟೀನು ಹಚ್ಚಬೇಕು, ಸೇತುವೆ ದಾಟಬೇಕು. ಆಟ ಭಾರಿಯದು, ಹಳೆಯ ಪೆಟ್ಟಿಗೆ ಏದುಸಿರು ಬಿಡುತ್ತದೆ. ಅದನ್ನಾದರೂ ಸಹಿಸಿಕೊಳ್ಳಬಹುದು. ತೋಳಗಳದ್ದೇ ಕಾಟ. ಅವು ದೂರದಿಂದ ಓಡಿ ಬರುವುದೇ ನನಗೆ ಕಾಣುವುದಿಲ್ಲ. ಏನೂ ಇಲ್ಲದ ಕಡೆಯಿಂದ ಧುತ್ತೆಂದು ಎದ್ದು ಕುತ್ತಿಗೆಗೇ ಬಾಯಿ ಹಾಕುತ್ತವೆ. ಒಂದು ಸಲವೂ ಸೇತುವೆ ಮುಟ್ಟಿಲ್ಲ. ಯಾವ ಸೆಟ್ಟಿಂಗ್ ಬದಲಿಸಲಿ, ಹೇಳು.

ನಿನ್ನ
ಗೂಬೆ

ಜೂನ್ 12

ಗೂಬೆ,

ಸಂಕಟ ಬಂದಾಗ ವೆಂಕಟರಮಣ, ತೋಳ ಬಂದಾಗ ಅಕ್ಕ. ಎರಡು ವರ್ಷದ ಮೇಲೆ ಒಂದು ಕಾಗದ, ಅದರಲ್ಲಿ ಅಕ್ಕ ಹೇಗಿದ್ದೀಯ ಅನ್ನುವ ಒಂದು ಮಾತಿಲ್ಲ. ಚೆನ್ನಾಗಿದ್ದೇನೆ, ಕೇಳದಿದ್ದರೂ ಹೇಳುತ್ತಿದ್ದೇನೆ. ಕಾಗದವನ್ನು ಹರಿದಿಲ್ಲ.

ನಿನ್ನ ಪೆಟ್ಟಿಗೆಯಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಮುದಿಯಾಗಿದೆ. ಇಡೀ ಕಾಡನ್ನು ಒಟ್ಟಿಗೆ ಹೊರುವ ಶಕ್ತಿ ಅದಕ್ಕಿಲ್ಲ. ಮರ, ಹಿಮ, ನೆರಳು ಎಲ್ಲವನ್ನೂ ಪರದೆಯ ಮೇಲೆ ಬರೆದು ಮುಗಿಸುವ ಹೊತ್ತಿಗೆ ತೋಳ ಹತ್ತಿರ ಬಂದಿರುತ್ತದೆ, ಅದನ್ನು ಕೊನೆಯಲ್ಲಿ ಬರೆಯುತ್ತದೆ. ಅದಕ್ಕೇ ನಿನಗೆ ಧುತ್ತೆಂದು ಬಂದ ಹಾಗೆ ಕಾಣುವುದು. ಮೊದಲು ನೆರಳನ್ನು ಕೆಳಗಿಳಿಸು, ಜೀವ ತಿನ್ನುವುದು ಅದೇ. ಆಮೇಲೆ ಮಂಜು. ಆಮೇಲೆ ಓಡುವಾಗ ಚಿತ್ರ ಕಲಸಿದಂತೆ ಮಾಡುವ ಒಂದು ಸೆಟ್ಟಿಂಗ್ ಇದೆ, ಅದನ್ನು ಪೂರ್ತಿ ಆರಿಸು. ಬೆಳಕನ್ನು ಒಂದು ಮೆಟ್ಟಿಲು ಏರಿಸು. ನೋಟದ ದೂರವನ್ನು ಮಾತ್ರ ಮುಟ್ಟಬೇಡ.

ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ ಮೇಲೆ ಅದೇ ದಾರಿಯಲ್ಲಿ ಮತ್ತೆ ಆಡಿ ನೋಡು. ನೀನು ಅಂಗಡಿಯಲ್ಲಿದ್ದಾಗಲೂ ನಾಲ್ಕನ್ನು ಒಟ್ಟಿಗೆ ತಿರುಗಿಸಿ "ಅಕ್ಕಾ, ಸರಿಹೋಯ್ತು" ಅನ್ನುತ್ತಿದ್ದೆ. ಯಾವುದರಿಂದ ಸರಿಹೋಯಿತು ಅಂತ ಕೇಳಿದರೆ ಬೆಪ್ಪನ ಹಾಗೆ ನಿಲ್ಲುತ್ತಿದ್ದೆ.

ನಿನ್ನ ತೋಳಗಳ ಮುಖ ನೋಡೋಣ ಅಂತ ಅಂಗಡಿಯ ದೊಡ್ಡ ಪೆಟ್ಟಿಗೆಗೂ ಆ ಆಟ ಹಾಕಿದೆ. ಪಾಪದ ಪ್ರಾಣಿಗಳು ಕಣೋ. ಮರದ ಸಂದಿಯಿಂದ ಇಣುಕಿ, ಸುತ್ತು ಹಾಕಿ, ಯೋಚಿಸಿ ಬರುತ್ತವೆ. ಅಷ್ಟರಲ್ಲಿ ಲಾರಿ ಹತ್ತಿ ಬಾಗಿಲು ಹಾಕಿಕೊಂಡು ಕಡಲೆಕಾಯಿ ತಿನ್ನಬಹುದು.

ನಿನ್ನ ಅಕ್ಕ

ಜೂನ್ 27

ಸ್ಕ್ರೂಡ್ರೈವರ್ ರಾಣಿಯವರಿಗೆ,

ಆಜ್ಞೆಯಂತೆ ಒಂದೊಂದನ್ನೇ ಬದಲಿಸಿದೆ. ನೆರಳು ಇಳಿಸಿದ ಕೂಡಲೇ ಪೆಟ್ಟಿಗೆಯ ಏದುಸಿರು ನಿಂತಿತು. ಮಂಜು ತೆಗೆದ ಮೇಲೆ ಕಾಡು ತೊಳೆದಿಟ್ಟ ತಟ್ಟೆಯ ಹಾಗಾಗಿದೆ. ದೂರದ ಸೇತುವೆಯ ಒಂದೊಂದು ಹಲಗೆಯೂ ಕಾಣುತ್ತದೆ. ಆದರೆ ತೋಳಗಳು ಹಾಗೇ ಇವೆ. ಸೇತುವೆಯ ಹಲಗೆ ಎಣಿಸುತ್ತಿರುತ್ತೇನೆ, ಪಕ್ಕದಲ್ಲಿ ಗುರ್ ಅನ್ನುತ್ತದೆ, ಕಥೆ ಮುಗಿಯಿತು.

ನನ್ನ ಪೆಟ್ಟಿಗೆಯದೇ ಶನಿ ಇರಬೇಕು ಅಂತ ನಮ್ಮ ಬೀದಿಯ ಕ್ಷೌರದಂಗಡಿಯವನ ಮನೆಗೆ ಹೋದೆ. ಅವನದು ಹೊಸ ಯಂತ್ರ, ಪರದೆ ಬಾಗಿಲಿನಷ್ಟು ಅಗಲ. ಅಲ್ಲಿ ಇನ್ನೂ ಬೇಗ ಸತ್ತೆ. ಅವನು ಪಕ್ಕದಲ್ಲಿ ಕೂತು "ಎಡಕ್ಕೆ ನೋಡಪ್ಪಾ, ಎಡಕ್ಕೆ! ಅಲ್ಲೇ ನಿಂತಿದೆಯಲ್ಲೋ!" ಅಂತ ಕೂಗಿದ. ನೋಡುವಷ್ಟರಲ್ಲಿ ಆಗಿಹೋಗಿತ್ತು. "ಕತ್ತರಿ ಹಿಡಿಯೋ ಕೆಲಸಕ್ಕೆ ಮಾತ್ರ ಬರಬೇಡ ಮಾರಾಯ" ಅಂದ. ಅವನ ಮನೆಯಿಂದ ಹೊರಡುವಾಗ ಮುಕ್ಕಾಲಿಗೆ ಮಂಡಿ ಬಡಿದು ಹೆಬ್ಬೆರಳಿನಷ್ಟು ದಪ್ಪ ಊದಿದೆ. ಜನ ಮುಕ್ಕಾಲಿಯನ್ನು ಎಲ್ಲೆಂದರಲ್ಲಿ ಇಡುತ್ತಾರೆ.

ಇನ್ನೊಂದು ಸುದ್ದಿ. ಬಸ್ಸಿನ ಎಡಗಡೆಯ ಕನ್ನಡಿ ಹೋಯಿತು. ಕಾರ್ಖಾನೆ ಗೇಟಿನ ಹತ್ತಿರ ಕಂಬ ಅಡ್ಡ ಬಂತು. ನಮ್ಮ ಬಸ್ಸಿನ ಬಾಗಿಲಲ್ಲಿ ನಿಂತು ಜನರನ್ನು ಹತ್ತಿಸಿ ಇಳಿಸುವ ಹೆಂಗಸು ಒಬ್ಬಳಿದ್ದಾಳೆ. ದಿನವಿಡೀ "ರೈಟ್, ರೈಟ್" ಅನ್ನುವುದರಿಂದ ಎಲ್ಲರೂ ರೈಟಮ್ಮ ಅನ್ನುತ್ತಾರೆ. ಅವಳು "ಕಂಬಕ್ಕೆ ಕಾಲು ಬಂದಿತ್ತಾ ಡ್ರೈವರಣ್ಣ?" ಅಂತ ಬಸ್ಸಿಡೀ ನಗಿಸಿದಳು. ನಾನೂ ನಕ್ಕೆ.

ಬೇರೆ ಕಾರ್ಡ್ ಇದ್ದರೆ ಕಳಿಸು.

ನಿನ್ನ ಗೂಬೆ

ಜುಲೈ 8

ಗೂಬೆ,

ಕಾರ್ಡ್ ಕಳಿಸಿದ್ದೇನೆ, ಈ ಕಾಗದ ಅದರ ಡಬ್ಬಿಯೊಳಗೇ ಇದೆ. ಹಾಕುವ ಮುಂಚೆ ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಮೈಯ ಕರೆಂಟ್ ಇಳಿಸಿಕೋ.

ನನಗೆ ತಲೆ ಬಿಸಿಯಾಗಿದೆ. ಕ್ಷೌರದಂಗಡಿಯವನ ಯಂತ್ರ ಹೊಸದು ಅನ್ನುತ್ತೀಯ, ಅಲ್ಲಿಯೂ ಅದೇ ಕಾಟ ಅನ್ನುತ್ತೀಯ. ಹಾಗಾಗಬಾರದು. ಹೊಸ ಕಾರ್ಡ್ ಹಾಕಿದ ಮೇಲೂ ತೋಳ ಹಾಗೇ ಬಂದರೆ ನೋಟದ ಅಗಲ ಅನ್ನುವ ಸೆಟ್ಟಿಂಗ್ ಹುಡುಕು. ಅದನ್ನು ಕಡಿಮೆ ಮಾಡಿದರೆ ಅಕ್ಕಪಕ್ಕದ ಕಾಡು ಕತ್ತರಿಸಿ ಹೋಗಿ, ಎದುರಿನದು ಮಾತ್ರ ದೊಡ್ಡದಾಗಿ ಉಳಿಯುತ್ತದೆ. ಯಂತ್ರಕ್ಕೂ ಹೊರೆ ಕಡಿಮೆ. ಕುದುರೆಗೆ ಕಣ್ಣುಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಅದನ್ನು ನೋಡಿ ಮುಗಿಸಿದ ಮೇಲೆ ಇಡೀ ಪೆಟ್ಟಿಗೆಯನ್ನು ಪಾರ್ಸೆಲ್ ಲಾರಿಗೆ ಹಾಕಿ ಇಲ್ಲಿಗೆ ಕಳಿಸು. ನನ್ನ ಕೈಯಿಂದ ಜೋಡಿಸಿದ ಯಂತ್ರ ಹೀಗೆ ಮಾನ ಕಳೆಯುವುದನ್ನು ನಾನು ಒಪ್ಪುವುದಿಲ್ಲ.

ಕಂಬ ಅಡ್ಡ ಬರುವುದಿಲ್ಲ ಕಣೋ. ನೋಡಿಕೊಂಡು ಓಡಿಸು. ಬಸ್ಸಿನ ತುಂಬ ಮಕ್ಕಳ ತಾಯಂದಿರಿರುತ್ತಾರೆ.

ನಿನ್ನ ಅಕ್ಕ

ಜುಲೈ 24

ಅಕ್ಕಾ, ಗೆದ್ದೆ!

ಸೇತುವೆ ದಾಟಿದೆ! ಹೊಸ ಕಾರ್ಡ್ ಹಾಕಿದಾಗ ಏನೂ ಆಗಲಿಲ್ಲ, ತೋಳ ಬಂದು ತಿಂದೇ ತಿಂದಿತು. ಆಮೇಲೆ ನೋಟದ ಅಗಲ ಇಳಿಸಿದೆ. ಇಳಿಸುತ್ತಾ ಇಳಿಸುತ್ತಾ ಕೊನೆಯ ಮೆಟ್ಟಿಲಿಗೆ ತಂದೆ. ಎಷ್ಟು ಹಾಯೆನಿಸಿತು ಗೊತ್ತಾ? ಕಾಣಬೇಕಾದ್ದೆಲ್ಲ ನಡುವಿಗೇ ಬಂದು ನಿಂತಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೌಸ್ ತಿರುಗಿಸುತ್ತಾ ಹೋದೆ, ತೋಳ ನಡುವಿಗೆ ಬಂದಾಗ ಕಂಡಿತು. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ನೀನು?

ಅದೇ ಉಪಾಯವನ್ನು ಬಸ್ಸಿಗೂ ಹಾಕಿದ್ದೇನೆ, ನಗಬೇಡ. ರಸ್ತೆಯ ನಡುವೆಯೇ ಹೋಗುತ್ತೇನೆ, ಮೆಲ್ಲಗೆ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಫ್ಯಾನಿನ ಹಾಗೆ ತಿರುಗಿಸುತ್ತಿರುತ್ತೇನೆ. ಎಡಗಡೆಯದನ್ನು ರೈಟಮ್ಮನಿಗೆ ವಹಿಸಿದ್ದೇನೆ. ಅವಳಿಗೆ ಕಾರಣ ಹೇಳಿಲ್ಲ, "ಕನ್ನಡಿ ಹೊಸದು, ಇನ್ನೂ ಹೊಂದಿಲ್ಲ, ಯಾರಾದರೂ ಬಂದರೆ ಕೂಗಮ್ಮ" ಅಂದಿದ್ದೇನೆ. ಒಳ್ಳೆಯ ಗಂಟಲು ಅವಳದು. ಸಂಜೆಯ ಸರದಿಯಲ್ಲಿ ಬೀದಿದೀಪ ಹತ್ತುವ ಮುಂಚಿನ ಹೊತ್ತೊಂದು ಇರುತ್ತದಲ್ಲ, ಆಗ ಮಾತ್ರ ಸ್ವಲ್ಪ ಕಷ್ಟ. ಎಲ್ಲರಿಗೂ ಕಷ್ಟವೇ ಅಂತೆ.

ಪೆಟ್ಟಿಗೆ, ಹಳೆಯ ಕಾರ್ಡ್ ಎರಡನ್ನೂ ಕಳಿಸುತ್ತಿದ್ದೇನೆ. ಬೇಗ ವಾಪಸ್ ಮಾಡು, ಕಾಡು ಕಾಯುತ್ತಿದೆ.

ಗೆದ್ದ ಗೂಬೆ

ಆಗಸ್ಟ್ 5

ತಮ್ಮಾ,

ಪೆಟ್ಟಿಗೆ ಬಂತು. ಬಂದ ದಿನವೇ ಮೇಜಿನ ಮೇಲಿಟ್ಟು ಆಡಿದೆ. ನಿನ್ನದೇ ಹಳೆಯ ಕಾರ್ಡ್ ಮತ್ತೆ ಹಾಕಿ, ನೆರಳು ಮಂಜು ಎಲ್ಲ ಮೊದಲಿದ್ದ ಹಾಗೇ ಮಾಡಿ ಆಡಿದೆ. ಚಿತ್ರ ತಡವರಿಸುತ್ತದೆ, ನಿಜ. ಆದರೆ ಒಂದೊಂದು ತೋಳವೂ ಬರುವುದು ಕಂಡಿತು. ಅಂಚಿನಲ್ಲಿ ಮೊದಲು ಒಂದು ಬೂದು ಬಣ್ಣದ ಅಲುಗಾಟ, ಆಮೇಲೆ ಕಿವಿ, ಆಮೇಲೆ ತೋಳ. ನೀನು ತೋಳಗಳ ಬಗ್ಗೆ ಬರೆದ ಒಂದು ಮಾತೂ ಈ ಯಂತ್ರಕ್ಕೆ ಹೊಂದುವುದಿಲ್ಲ.

ಅಂಗಡಿಯ ಮೊದಲ ಪಾಠ ನಿನಗೆ ನೆನಪಿರಬೇಕು. ದೋಷ ಎಲ್ಲಿದೆ ಅಂತ ತಿಳಿಯದಿದ್ದರೆ ಬದಲಿಸಿ ನೋಡು. ವೈರು ಬದಲಿಸು, ಕಾರ್ಡ್ ಬದಲಿಸು, ಪರದೆ ಬದಲಿಸು. ಯಾವುದನ್ನು ಎತ್ತಿಕೊಂಡು ಹೋದರೆ ದೋಷವೂ ಹಿಂದೆಯೇ ಬರುತ್ತದೋ, ಕೆಟ್ಟಿರುವುದು ಅದೇ. ಹಳೆಯ ಕಾರ್ಡಿನಲ್ಲಿ ನಿನ್ನನ್ನು ತೋಳ ತಿಂದಿತು. ಹೊಸ ಕಾರ್ಡಿನಲ್ಲಿ ತಿಂದಿತು. ಕ್ಷೌರದಂಗಡಿಯವನ ಮನೆಯಲ್ಲೂ ತಿಂದಿತು. ಪೆಟ್ಟಿಗೆ ಇಲ್ಲಿಗೆ ಬಂತು, ದೋಷ ಬರಲಿಲ್ಲ. ಮೂರು ಕಡೆಯೂ ಬದಲಾಗದೆ ಉಳಿದದ್ದು ಕುರ್ಚಿಯ ಮೇಲೆ ಕೂತವನೊಬ್ಬನೇ.

ನಮ್ಮ ಸೋದರಮಾವನನ್ನು ನೆನಪಿಸಿಕೋ. ಡಿಕ್ಕಿ ಮಾವ ಅನ್ನುತ್ತಿದ್ದೆವಲ್ಲ, ಬಾಗಿಲಿಗೆ, ಕಂಬಕ್ಕೆ, ನೀರಿನ ಕೊಡಕ್ಕೆ ಡಿಕ್ಕಿ ಹೊಡೆಯುತ್ತಿದ್ದ ಅಂತ. ನಾವಿಬ್ಬರೂ ಬೇಕೆಂದೇ ಅವನ ದಾರಿಯಲ್ಲಿ ಮುಕ್ಕಾಲಿ ತಂದಿಟ್ಟು ಬಾಗಿಲ ಮರೆಯಲ್ಲಿ ನಗುತ್ತಿದ್ದೆವು. ಅವನು ಪತ್ರಿಕೆಯ ಸಣ್ಣ ಅಕ್ಷರ ಓದುತ್ತಿದ್ದ, ಸೂಜಿಗೆ ದಾರ ಪೋಣಿಸುತ್ತಿದ್ದ. ಅದಕ್ಕೇ ಯಾರೂ ಕಣ್ಣಿನ ಮೇಲೆ ಅನುಮಾನ ಪಡಲಿಲ್ಲ, ಗಮನ ಎಲ್ಲೋ ಇರುತ್ತದೆ ಅಂದರು. ಕೊನೆಕೊನೆಗೆ ಅವನು ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗು. ಹೋಗಿ ಬರುವವರೆಗೆ ಬಸ್ಸು ಮುಟ್ಟಬೇಡ. ದಮ್ಮಯ್ಯ ಅನ್ನುತ್ತೇನೆ.

ಅಕ್ಕ

ಆಗಸ್ಟ್ 12

ಅಕ್ಕನಿಗೆ,

ಆಟದ ಸೆಟ್ಟಿಂಗ್ ಕೇಳಿದರೆ ನನ್ನನ್ನೇ ಬಿಚ್ಚಿ ಮೇಜಿನ ಮೇಲೆ ಹರಡಿದ್ದೀಯ. ನಾನೇನು ನಿನ್ನ ಅಂಗಡಿಗೆ ಬಂದ ಕೆಟ್ಟ ಸಾಮಾನಾ?

ಲೈಸೆನ್ಸ್ ನವೀಕರಣಕ್ಕೆ ಹೋದಾಗ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿದೆ. ಓದಿಸುವವನೇ ಬೆರಗಾಗಿ "ನಿಮ್ಮದು ಹದ್ದಿನ ಕಣ್ಣು ಬಿಡ್ರಿ" ಅಂದ. ಅವರ ಮೊಹರಿಗಿಂತ ನಿನ್ನ ತೋಳದ ಶಾಸ್ತ್ರ ದೊಡ್ಡದಾ?

ಮಾವನ ಮಾತು ತೆಗೆಯಬೇಡ. ಅವನ ಕುರ್ಚಿಯ ಕೈ ಸವೆದು ಹೊಳೆಯುತ್ತಿತ್ತು, ನನಗೂ ನೆನಪಿದೆ. ನಿನ್ನ ಕಾಗದ ಬಂದ ದಿನದಿಂದ ನೆನಪಾಗುತ್ತಲೇ ಇದೆ. ಸ್ಟಿಯರಿಂಗ್ ಹಿಡಿದಾಗ ಮಾತ್ರ ನಾನು ಯಾರೋ ಒಬ್ಬ ಮನುಷ್ಯ ಅನ್ನಿಸುತ್ತದೆ ಅಕ್ಕ. ನಾನು ಬಂದೆ ಅಂದರೆ ಅಷ್ಟು ಜನ ಎದ್ದು ನಿಲ್ಲುತ್ತಾರೆ. ಅದನ್ನೂ ಕಿತ್ತುಕೊಂಡು ನನ್ನ ಅನ್ನಕ್ಕೆ ಕಲ್ಲು ಹಾಕಬೇಡ.

ಪೆಟ್ಟಿಗೆ ವಾಪಸ್ ಕಳಿಸು. ಬೇರೇನೂ ಬೇಡ.

ತಮ್ಮ

ಆಗಸ್ಟ್ 20

ತಮ್ಮಾ,

ಪೆಟ್ಟಿಗೆ ಕಳಿಸಿದ್ದೇನೆ. ಉಪದೇಶ ಮಾಡುವುದಿಲ್ಲ. ಒಂದೇ ಒಂದು ಕೆಲಸ ಮಾಡಿಕೊಡು, ಆಮೇಲೆ ಈ ವಿಷಯ ಎತ್ತುವುದಿಲ್ಲ.

ಆಟದಲ್ಲಿ ಬಿಡಾರ ಕಟ್ಟುವ ಅವಕಾಶ ಇದೆಯಲ್ಲ, ಅದರಲ್ಲಿ ನಾನೊಂದು ಅಂಗಳ ಕಟ್ಟಿದ್ದೇನೆ. ನಡುವೆ ಒಂದು ಬಾವಿ. ಸುತ್ತ ಲಾಟೀನುಗಳು, ಕೆಲವು ಬಾವಿಯ ಹತ್ತಿರ, ಕೆಲವು ದೂರ, ಕೆಲವು ಪರದೆಯ ಅಂಚಿನಲ್ಲೇ. "ಅಕ್ಕನ ಅಂಗಳ" ಅಂತ ಹೆಸರಿಟ್ಟಿದ್ದೇನೆ, ತೆರೆದರೆ ನೇರ ಅಲ್ಲಿಯೇ ನಿಂತಿರುತ್ತೀಯ. ಅಲ್ಲಿ ತೋಳ ಬರುವುದಿಲ್ಲ.

ಪರದೆಗೆ ಒಂದು ಮೊಳ ದೂರದಲ್ಲಿ ಕೂರು. ಕಣ್ಣನ್ನು ಬಾವಿಯ ಮೇಲೆ ನೆಡು. ತಲೆ ತಿರುಗಿಸಬಾರದು, ಕಣ್ಣು ಕದಲಿಸಬಾರದು, ಮೌಸ್ ಮುಟ್ಟಬಾರದು. ಹಾಗೇ ಕೂತು ಎಷ್ಟು ಲಾಟೀನು ಕಾಣುತ್ತವೆ ಎಣಿಸು. ಆ ಸಂಖ್ಯೆಯೊಂದನ್ನು ಬರೆದು ಕಳಿಸು. ಸರಿಯಾಗಿದ್ದರೆ ನಾನೇ ಬಂದು ನಿನ್ನ ಬಸ್ಸಿನ ಮೊದಲ ಸೀಟಿನಲ್ಲಿ ಕೂತು ಊರು ಸುತ್ತುತ್ತೇನೆ.

ಅಕ್ಕ

ಆಗಸ್ಟ್ 30

ಅಕ್ಕಾ,

ಹನ್ನೆರಡು.

ಬಾವಿಯಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಕಂಡವು. ಈಗ ಸಮಾಧಾನವಾಯಿತಾ? ಮೊದಲ ಸೀಟು ಖಾಲಿ ಇಟ್ಟಿರುತ್ತೇನೆ.

ಗೂಬೆ

ಸೆಪ್ಟೆಂಬರ್ 4

ತಮ್ಮಾ,

ಹನ್ನೆರಡು ಅಂತ ಓದಿದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರನ್ನು ಕಳಿಸಿ ಬಾಗಿಲು ಹಾಕಿದೆ.

ನೆಟ್ಟಗೆ ಬಾವಿ ನೋಡುತ್ತಾ ಕೂತವನಿಗೆ ಹನ್ನೊಂದೇ ಕಾಣಬೇಕು. ಹನ್ನೆರಡನೆಯದನ್ನು ನಾನು ನಿನ್ನ ಬೆನ್ನ ಹಿಂದೆ ಇಟ್ಟಿದ್ದೆ. ಮೌಸ್ ಹಿಡಿದು ಪೂರ್ತಿ ಹಿಂದಕ್ಕೆ ತಿರುಗದೆ ಅದು ಯಾರಿಗೂ ಕಾಣುವುದಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಬೆರಳ ಸಂದಿಯಿಂದ ಕದ್ದು ನೋಡುತ್ತಿದ್ದ ಹುಡುಗ ನೀನು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗೊತ್ತಿದ್ದೇ ಇಟ್ಟೆ. ನೀನು ಏಳು ಅಂದಿದ್ದರೂ, ಐದು ಅಂದಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ಒಂದನ್ನೂ ಬಿಡಬಾರದು ಅಂತ ಅಂಗಳವನ್ನೆಲ್ಲ ತಡಕಾಡಿ ಎಣಿಸಿದ್ದೀಯ. ಅಂದರೆ ನಿನಗೆ ಗೊತ್ತಿದೆ. ನನಗಿಂತ ಮುಂಚಿನಿಂದ ಗೊತ್ತಿದೆ.

ಪರದೆಯ ಮೇಲೆ ತೋಳ ತಿಂದರೆ ಮತ್ತೆ ಆಟ ಶುರು ಮಾಡಬಹುದು. ಅಲ್ಲಿ ಸಾಯುವವನು ನೀನೊಬ್ಬನೇ. ಬಸ್ಸಿನ ಪಕ್ಕದಿಂದ ಬರುವವರು ತೋಳಗಳಲ್ಲ ಕಣೋ. ಡಬ್ಬಿ ಹಿಡಿದುಕೊಂಡು ಮನೆಗೆ ಹೋಗುವವರು. ರೈಟಮ್ಮನಿಗೆ ಒಂದು ದಿನ ಗಂಟಲು ಕಟ್ಟಿದರೆ ಏನು ಮಾಡುತ್ತೀಯ?

ಕಾರ್ಖಾನೆಯ ಬಸ್ಸುಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರಿಗೆ ನಾನೇ ಒಂದು ಕಾಗದ ಬರೆದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಅದನ್ನು ಕಳಿಸಿದರೆ ನೀನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಕಳಿಸದೆ ಏನಾದರೂ ಆದರೆ ನಾನೇ ನನ್ನ ಮುಖ ನೋಡಿಕೊಳ್ಳಲಾರೆ. ಆ ಕಾಗದ ಕಳಿಸುವ ಹಾಗೆ ಮಾಡಬೇಡ.

ಅಕ್ಕ

ಸೆಪ್ಟೆಂಬರ್ 13

ತಮ್ಮಾ,

ಉತ್ತರವಿಲ್ಲ. ಜಗಳವಾದರೆ ಆಗಲಿ ಅಂತ ಫೋನೂ ಮಾಡಿದೆ, ನೀನು ಎತ್ತುತ್ತಿಲ್ಲ.

ನಿನ್ನೆ ಸಂಜೆ ಕಾರ್ಖಾನೆಗೇ ಫೋನ್ ಮಾಡಿದೆ. ಮೇಲ್ವಿಚಾರಕರು ಎತ್ತಿದರು. ಹೇಳಬೇಕಾದ್ದನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಂಡೇ ಮಾಡಿದ್ದೆ. ಆದರೆ ಬಾಯಿಂದ ಬಂದದ್ದು "ನಮ್ಮ ತಮ್ಮ ಇದ್ದಾನಾ?" ಅಂತ ಮಾತ್ರ. "ಡ್ಯೂಟಿ ಮೇಲಿದ್ದಾರಮ್ಮ, ಈಗಷ್ಟೇ ಬಸ್ಸು ಹೊರಡ್ತು, ಏನಾದ್ರೂ ಹೇಳ್ಬೇಕಾ?" ಅಂದರು. ಏನಿಲ್ಲ ಅಂದು ಇಟ್ಟುಬಿಟ್ಟೆ.

ಆಮೇಲೆ ಹೊರಗೆ ಬಂದು ನಿಂತೆ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ನೀನು ಬರೆದಿದ್ದ ಆ ಹೊತ್ತು ಅದೇ. ದೀಪ ಹತ್ತುವವರೆಗೆ ಅಲ್ಲೇ ನಿಂತಿದ್ದೆ. ಒಂದು ಗೆರೆ ಬರಿ. ಬೈದಾದರೂ ಬರಿ.

ಅಕ್ಕ

ಸೆಪ್ಟೆಂಬರ್ 21

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಈಗ ಉಸಿರು ಬಿಟ್ಟು ಓದು.

ಬೆನ್ನ ಹಿಂದಿನ ಲಾಟೀನಿನ ಕಾಗದ ಓದಿ ಸಿಟ್ಟು ಬಂತು. ಸಿಟ್ಟಿಗೇ ಬಸ್ಸು ಓಡಿಸಿದೆ, ದಿನವೂ. ಪ್ರತಿ ಸಂಜೆ ಇವತ್ತೊಂದು ದಿನ ದಾಟಿದರೆ ಸಾಕು ಅಂದುಕೊಂಡೇ ಹತ್ತುತ್ತಿದ್ದೆ. ನಿನ್ನ ಫೋನ್ ಬಂದಾಗಲೆಲ್ಲ ಜೇಬಿನಲ್ಲಿ ನಡುಗುವುದು ಗೊತ್ತಾಗುತ್ತಿತ್ತು, ತೆಗೆಯಲು ಧೈರ್ಯವಾಗಲಿಲ್ಲ.

ಹದಿನಾರನೇ ತಾರೀಖು ಸಂಜೆ ಕಾರ್ಖಾನೆ ಗೇಟಿನಿಂದ ಹೊರಡುವಾಗ ರೈಟಮ್ಮ "ರೈಟ್" ಅಂದಳು. ನಾನು ಬಿಟ್ಟೆ. ಬಸ್ಸು ಒಂದು ಮಾರು ಹೋಗಿರಬೇಕು, ಅವಳು ಚೀರಿದಳು. ಅಷ್ಟು ದಿನ ಕೂಗುತ್ತಿದ್ದ ಹಾಗಿರಲಿಲ್ಲ ಆ ಧ್ವನಿ. ಬ್ರೇಕ್ ಮೇಲೆ ನಿಂತೇಬಿಟ್ಟೆ. ಡಬ್ಬಿಗಳೆಲ್ಲ ಉರುಳಿದವು. ಇಳಿದು ಹೋಗಿ ನೋಡಿದರೆ, ಎಡಗಡೆ ಚಕ್ರದ ಮುಂದೆ ಒಬ್ಬಳು ಹೆಂಗಸು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದವಳು ಹಾಗೇ ಕೂತಿದ್ದಾಳೆ. ಚಕ್ರಕ್ಕೂ ಅವಳ ಕೈಗೂ ಒಂದು ಗೇಣು. ನಾನು ಬಿಡುವ ಮುಂಚೆ ಆ ಕಡೆ ತಲೆ ತಿರುಗಿಸಿ ನೋಡಿದ್ದೆ ಅಕ್ಕ. ಆಣೆ ಮಾಡಿ ಹೇಳುತ್ತೇನೆ, ನೋಡಿದ್ದೆ. ಅಲ್ಲಿ ರಸ್ತೆ ಖಾಲಿ ಇತ್ತು.

ಅವಳು ಎದ್ದು ಮೈ ಕೊಡವಿಕೊಂಡು ನನಗೇ "ಕ್ಷಮಿಸಣ್ಣ, ಅಡ್ಡ ಬಂದ್ಬಿಟ್ಟೆ" ಅಂದಳು. ಅದನ್ನು ಕೇಳಿ ನನಗೆ ಅಳು ಬಂತು. ಕಂಬ ಅಡ್ಡ ಬಂತು ಅಂತ ನಾನು ಬರೆದಿದ್ದೆನಲ್ಲ, ಅದೇ ಮಾತನ್ನು ಇವಳು ತನ್ನ ಮೇಲೆ ಹಾಕಿಕೊಂಡಳು. ಮತ್ತೆ ಬಸ್ಸು ಹತ್ತಲಿಲ್ಲ. ಬೀಗದ ಕೈಯನ್ನು ರೈಟಮ್ಮನ ಕೈಗೆ ಕೊಟ್ಟೆ. "ಯಾಕಣ್ಣ, ಏನೂ ಆಗ್ಲಿಲ್ವಲ್ಲ" ಅಂದಳು. "ನನಗೆ ಪಕ್ಕದ್ದು ಕಾಣಲ್ಲಮ್ಮ" ಅಂದೆ. ಮೇಲ್ವಿಚಾರಕರಿಗೂ ನಾನೇ ಹೋಗಿ ಹೇಳಿದೆ. ನಿನ್ನ ಮೇಜಿನ ಮೇಲಿನ ಕಾಗದವನ್ನು ಹರಿದು ಹಾಕು.

ನಿನ್ನ ಅಂಗಳದ ನಿಜವಾದ ಲೆಕ್ಕ ನಾಲ್ಕು. ಬಾವಿಯ ಹತ್ತಿರದ ನಾಲ್ಕು ಮಾತ್ರ.

ಕಣ್ಣಾಸ್ಪತ್ರೆಗೆ ಹೋಗಿದ್ದೆ. ಅಲ್ಲಿಯೂ ನಿನ್ನ ಅಂಗಳದಂಥದೇ ಒಂದು ಯಂತ್ರ ಇದೆ. ಬಟ್ಟಲಿನಂಥದರೊಳಗೆ ಗಲ್ಲ ಊರಿ, ಎದುರಿನ ಚುಕ್ಕೆ ನೋಡುತ್ತಾ, ಬೆಳಕು ಮಿಣುಕಿದಾಗಲೆಲ್ಲ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಮಿಣುಕಲಿಲ್ಲ. ಯಂತ್ರ ಕೆಟ್ಟಿದೆಯಾ ಅಂತ ಕೇಳಿದೆ. ಡಾಕ್ಟರಮ್ಮ "ಇಲ್ಲ, ಮಿಣುಕ್ತಾನೇ ಇದೆ" ಅಂದರು. ಗೋಡೆಯ ಅಕ್ಷರ ಓದುವುದು ಕಣ್ಣಿನ ನಡುಭಾಗ, ಅದು ಚೆನ್ನಾಗಿದೆಯಂತೆ. ಸುತ್ತಲಿನದು ಹೋಗಿದೆ, ಇನ್ನೂ ಹೋಗುತ್ತದೆ, ವಾಸಿ ಮಾಡುವ ಔಷಧ ಅವರ ಹತ್ತಿರ ಇಲ್ಲ. ನೋಟದ ಅಗಲ ದಿನದಿನಕ್ಕೂ ಇಳಿಯುತ್ತಿದೆ, ಏರಿಸುವ ಗುಂಡಿಯೇ ಇಲ್ಲ. ತುಂಬಾ ಹೆದರಿಕೆ ಆಗುತ್ತಿದೆ ಅಕ್ಕ. ಕೋಣೆಯ ದೀಪ ಆರಿಸುವುದನ್ನೇ ಬಿಟ್ಟಿದ್ದೇನೆ.

ಇನ್ನೊಂದು ಮಾತು ಇದೆ. ಬರೆಯಲೋ ಬೇಡವೋ ಅಂತ ಈ ಹಾಳೆಯನ್ನು ಎರಡು ಸಲ ಮಡಿಸಿಟ್ಟೆ. ಡಾಕ್ಟರಮ್ಮ ತಾಯಿಯ ಕಡೆ ಯಾರಿಗಾದರೂ ಹೀಗಿತ್ತಾ ಅಂತ ಕೇಳಿದರು, ಮಾವನ ವಿಷಯ ಹೇಳಿದೆ. "ಒಡಹುಟ್ಟಿದವರು ಇದ್ದಾರಾ?" ಅಂದರು. ಒಬ್ಬಳು ಅಕ್ಕ ಅಂದೆ. "ಅವರೂ ಒಂದ್ಸಲ ತೋರಿಸ್ಲಿ. ಬಂದಿರ್ಲೇಬೇಕು ಅಂತಿಲ್ಲ, ಆದ್ರೆ ನೋಡ್ಲೇಬೇಕು" ಅಂದರು.

ಬದಲಿಸಿ ನೋಡು ಅಂತ ನೀನೇ ಕಲಿಸಿದ್ದು. ಯಂತ್ರಗಳನ್ನೆಲ್ಲ ಬದಲಿಸಿ ನೋಡಿದೆವು, ಬಾವಿಯೆದುರಿನ ಕುರ್ಚಿಯಲ್ಲಿ ಕೂತವರನ್ನು ಬದಲಿಸಲಿಲ್ಲ. ಹನ್ನೊಂದು ಕಾಣಬೇಕು ಅಂತ ಬರೆದಿದ್ದೆಯಲ್ಲ, ಅದನ್ನು ಬಾವಿಯ ಮೇಲೆ ಕಣ್ಣಿಟ್ಟು ಕೂತು ಎಣಿಸಿದ್ದಾ ಅಕ್ಕ?

ನಿನ್ನ ತಮ್ಮ

ಸೆಪ್ಟೆಂಬರ್ 29

ಪುಟ್ಟಾ,

ಮೊದಲು ಆ ಹೆಂಗಸಿಗೆ, ಆಮೇಲೆ ರೈಟಮ್ಮನ ಗಂಟಲಿಗೆ ಕೈ ಮುಗಿದೆ. ಮೇಜಿನ ಮೇಲಿನ ಕಾಗದವನ್ನು ಹರಿದೆ. ನೀನು ಬೀಗದ ಕೈ ಕೊಟ್ಟೆ ಅಂತ ಓದಿದಾಗ ಜೋರಾಗಿ ಅತ್ತೆ, ಗಿರಾಕಿಗಳಿದ್ದರೂ ಸರಿಯೆ ಅಂತ.

ನೀನು ಕೇಳಿದ್ದಕ್ಕೆ ನನ್ನ ಉತ್ತರ, "ಇಲ್ಲ". ಕೂತಿಲ್ಲ. ಲಾಟೀನುಗಳನ್ನು ಅಂಗಳದಲ್ಲಿ ನಡೆಯುತ್ತಾ ಒಂದೊಂದಾಗಿ ಇಟ್ಟೆ, ಇಡುತ್ತಾ ಎಣಿಸಿದೆ. ಹನ್ನೆರಡರಲ್ಲಿ ಹಿಂದಿನದೊಂದನ್ನು ಕಳೆದು ಹನ್ನೊಂದು ಅಂತ ಬರೆದೆ. ನಿನ್ನನ್ನು ಬಾವಿಯೆದುರು ಕೂರಿಸಿದವಳು ನಾನು ಒಂದು ಸಲವೂ ಅಲ್ಲಿ ಕೂರಲಿಲ್ಲ. ಪುರುಸೊತ್ತಿಲ್ಲ ಅಂದುಕೊಂಡಿದ್ದೆ. ತೋಳಗಳು ಬರುವುದು ನನಗೆ ಕಂಡಿತ್ತಲ್ಲ, ನನ್ನದು ಸರಿಯಿದೆ ಅಂದುಕೊಂಡಿದ್ದೆ. ಆದರೆ ನನಗೆ ಕಾಣದೇ ಹೋದ ತೋಳ ಎಷ್ಟಿದ್ದವು ಅಂತ ನನಗೆ ಹೇಗೆ ಗೊತ್ತಾಗಬೇಕು?

ಹೋದ ವಾರ ಕೈಯಿಂದ ಒಂದು ಸ್ಕ್ರೂ ಬಿತ್ತು. ಬಿದ್ದ ಸದ್ದು ಕಾಲ ಹತ್ತಿರವೇ ಕೇಳಿತು. ನೆಲವನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ಸ್ಕ್ರೂ ಎಲ್ಲರಿಗೂ ಕಳೆಯುತ್ತದೆ ಅಂದುಕೊಂಡು ಬೇರೆ ತೆಗೆದುಕೊಂಡೆ. ನಿನ್ನ ಕಾಗದ ಬಂದ ಮೇಲೆ ಮೂರು ಸಲ ಅಂಗಡಿಯ ದೊಡ್ಡ ಪೆಟ್ಟಿಗೆ ಹಚ್ಚಿ, ಅದರಲ್ಲಿ ಉಳಿಸಿಕೊಂಡಿದ್ದ ಅಂಗಳ ತೆರೆದೆ. ಮೂರು ಸಲವೂ ಬಾವಿ ಕಾಣುವ ಮುಂಚೆ ಆರಿಸಿಬಿಟ್ಟೆ. ಬಸ್ಸು ನಿಲ್ಲಿಸು ಅಂತ ನಿನಗೆ ಬರೆಯುವಾಗ ನನಗೆ ಈ ಹೆದರಿಕೆಯ ರುಚಿ ಗೊತ್ತಿರಲಿಲ್ಲ ಕಣೋ.

ಒಬ್ಬಳೇ ಕೂರುವುದು ನನ್ನಿಂದಾಗುವುದಿಲ್ಲ. ನಾಳಿದ್ದು ಬೆಳಗಿನ ರೈಲಿಗೆ ಹೊರಡುತ್ತೇನೆ, ಬಿಸಿಲಿರುವಾಗಲೇ ಅಲ್ಲಿರುತ್ತೇನೆ. ನಿಲ್ದಾಣಕ್ಕೆ ಬರಬೇಡ, ನಾನೇ ಮನೆ ಹುಡುಕಿಕೊಂಡು ಬರುತ್ತೇನೆ. ಮುಕ್ಕಾಲಿಗಳನ್ನು ಗೋಡೆಗೆ ಸರಿಸಿಡು, ಇಬ್ಬರಿಗೂ ಒಳ್ಳೆಯದು. ಪೆಟ್ಟಿಗೆ ಹಚ್ಚಿ, ಅಕ್ಕನ ಅಂಗಳ ತೆರೆದು, ಪಕ್ಕದಲ್ಲಿ ಕೂತುಕೋ. ನಾನು ಎಣಿಸಿ ಮುಗಿಸುವವರೆಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿರು. ಬಿಟ್ಟರೆ ನಾನೂ ಮೌಸ್ ತಿರುಗಿಸಿ ಹನ್ನೆರಡು ಅಂದುಬಿಡುತ್ತೇನೆ.

ನಿನ್ನ ಅಕ್ಕ